ಕಾವೇರಿ ನಿಸರ್ಗಧಾಮ: ಮಕ್ಕಳನ್ನು ಕರೆದುಕೊಂಡು ಹೋಗೋರು ತಿಳಿದಿರಬೇಕಾದ್ದು

ಕುಶಾಲನಗರ: ರಜೆ ಬಂತು ಅಂದ್ರೆ ಮಕ್ಕಳ ಜೊತೆ ಎಲ್ಲಿಗೆ ಹೋಗೋದು ಅನ್ನೋ ಪ್ರಶ್ನೆ. ಜಿಲ್ಲೆಯಲ್ಲಿ ಬೆಟ್ಟಗಳಿಗೇನೂ ಕಮ್ಮಿ ಇಲ್ಲ, ಆದರೆ ನಾಲ್ಕೈದು ವರ್ಷದ ಮಗುವನ್ನು ನಡೆಸಿಕೊಂಡು 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತೋಕಾಗಲ್ಲ. ಅಂಥವರಿಗೆ ಕುಶಾಲನಗರದ ಪಕ್ಕದಲ್ಲೇ ಇರುವ ಕಾವೇರಿ ನಿಸರ್ಗಧಾಮ ಸರಿಯಾದ ಜಾಗ.

ಇದು ಕಾವೇರಿ ನದಿ ನಡುವಿನ ದ್ವೀಪ. ವಿಸ್ತೀರ್ಣ ಸುಮಾರು 64 ಎಕರೆ. 1989ರಿಂದ ಪ್ರವಾಸಿ ತಾಣವಾಗಿದ್ದು, ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದೆ. ಮಡಿಕೇರಿ ಮುಖ್ಯರಸ್ತೆಯಲ್ಲೇ ಗೇಟ್ ಇರೋದ್ರಿಂದ ಬಸ್ಸಲ್ಲಿ ಬಂದರೂ ತೊಂದರೆ ಇಲ್ಲ.

ತೂಗುಸೇತುವೆ ದಾಟಿದರೆ ದ್ವೀಪ. ಸೇತುವೆ ಅಲುಗಾಡುವಾಗ ದೊಡ್ಡವರು ಹಗ್ಗ ಹಿಡ್ಕೊಳ್ತಾರೆ, ಮಕ್ಕಳು ಬೇಕಂತಲೇ ಕುಣಿತಾರೆ. ಆಚೆಗೆ ಬಿದಿರು ಮೆಳೆ, ತೇಗ, ಶ್ರೀಗಂಧದ ಮರಗಳ ನಡುವೆ ಸಮತಟ್ಟಾದ ದಾರಿ. ಅಜ್ಜ ಅಜ್ಜಿಯೂ ಆರಾಮವಾಗಿ ನಡೆಯಬಹುದು. ಜಿಂಕೆ ವನದ ಹತ್ರ ಮಕ್ಕಳು ಬೇಗ ಕದಲಲ್ಲ, ಟೈಮ್ ಇಟ್ಟುಕೊಂಡೇ ಹೋಗಿ. ಬೆಳಿಗ್ಗೆ ಬೇಗ ಹೋದರೆ ಜನ ಕಮ್ಮಿ, ಹಕ್ಕಿ ಸದ್ದೂ ಕೇಳುತ್ತೆ. ಭಾನುವಾರ ಮಧ್ಯಾಹ್ನ ಮಾತ್ರ ಸಂತೆ.

ಹುಷಾರಾಗಿರಬೇಕಾದ್ದು ನೀರಿನ ವಿಷಯದಲ್ಲಿ. ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದ ಇದ್ದಂಗೆ ಕಾಣುತ್ತೆ. ಎರಡು ಹೆಜ್ಜೆ ಮುಂದೆ ಆಳುದ್ದದ ಗುಂಡಿ ಇರಬಹುದು, ಮೇಲಿಂದ ಗೊತ್ತಾಗಲ್ಲ. ಬಂಡೆ ಮೇಲೆ ಪಾಚಿ ಬೇರೆ. ಈಜು ಬಲ್ಲವರೂ ಜಾರಿ ಬಿದ್ದರೆ ಕಷ್ಟ. ಸೆಲ್ಫಿಗೆ ಅಂತ ಮಗುವನ್ನು ಬಂಡೆ ಮೇಲೆ ನಿಲ್ಲಿಸೋದಂತೂ ಬೇಡವೇ ಬೇಡ.

ಮಳೆಗಾಲದ ಲೆಕ್ಕವೇ ಬೇರೆ. ಕುಶಾಲನಗರದಲ್ಲಿ ಬಿಸಿಲಿದ್ರೂ ತಲಕಾವೇರಿ, ಭಾಗಮಂಡಲ ಕಡೆ ಜೋರು ಮಳೆಯಾದರೆ ಇಲ್ಲಿ ನೀರು ಏರುತ್ತೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿದ್ದು ಊರವರಿಗೆ ನೆನಪಿದೆ. ಹೊಳೆ ತುಂಬಿದಾಗ ಪ್ರವೇಶ ನಿಲ್ಲಿಸ್ತಾರೆ. ದೂರದಿಂದ ಬರೋ ನೆಂಟರಿಗೆ ಮೊದಲೇ ಹೇಳಿಬಿಡಿ, ಗೇಟಲ್ಲಿ ಬಂದು ಜಗಳ ಆಡಿದ್ರೆ ಪ್ರಯೋಜನ ಇಲ್ಲ.

ಇನ್ನೂ ಅರ್ಧ ದಿನ ಇದ್ದರೆ ಗುಡ್ಡೆಹೊಸೂರಿನಿಂದ ಸಿದ್ದಾಪುರ ರಸ್ತೆ ಹಿಡಿದು ದುಬಾರೆಗೆ ಹೋಗಬಹುದು. ಅಲ್ಲೂ ಆನೆ ಶಿಬಿರ ಇರೋದು ಹೊಳೆಯಾಚೆ. ಆನೆಗಳ ಸ್ನಾನ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಹಾಗಾಗಿ ಮೊದಲು ದುಬಾರೆ, ಆಮೇಲೆ ನಿಸರ್ಗಧಾಮ ಇಟ್ಟುಕೊಂಡರೂ ಆದೀತು. ನೀರು ಕಮ್ಮಿ ಇದ್ದಾಗ ಕೆಲವರು ಬೋಟ್ ಬಿಟ್ಟು ಬಂಡೆ ಮೇಲೆ ಹಾರಿ ದಾಟ್ತಾರೆ. ಮಕ್ಕಳಿದ್ದರೆ ಕ್ಯೂ ಎಷ್ಟೇ ಉದ್ದ ಇರಲಿ, ಬೋಟಲ್ಲೇ ಹೋಗಿ.