ಬುಧವಾರದ ಬಿಡುಗಡೆ

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಸಂಜೆಯ ಹೊತ್ತು ವೀರಾಂಜನೇಯಸ್ವಾಮಿಯ ಗುಡಿಯ ಬಳಿ ಸೇರುವ ಹಿರಿಯರ ಮಾತುಕತೆಯಲ್ಲಿ ಒಂದು ಪದ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಅದು ‘ರಿಲೀಸು’. “ಮಗಳಿಗೆ ಈ ವಾರ ರಿಲೀಸಂತೆ, ಊಟಕ್ಕೆ ಕಾಯಬೇಡಿ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು” ಎಂದು ಒಬ್ಬರು, “ನಮ್ಮವನದು ಮುಂದಕ್ಕೆ ಹೋಯಿತಂತೆ” ಎಂದು ಇನ್ನೊಬ್ಬರು. ಹಿಂದೆ ಬೆಂಗಳೂರಿನವರಿಗೆ ಬಿಡುಗಡೆ ಎಂದರೆ ಗಾಂಧಿನಗರದ ಚಿತ್ರಮಂದಿರದಲ್ಲಿ ಹೊಸ ಚಿತ್ರ ತೆರೆ ಕಾಣುವ ದಿನ. ಈಗಲಾದರೋ ಅದು ಎಷ್ಟೋ ಮನೆಗಳ ಹಬ್ಬವೂ ಹೌದು, ಬೇನೆಯೂ ಹೌದು. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತುವನ್ನು ಬಿಡುಗಡೆ ಮಾಡುವುದೆಂದರೇನು? ಅದಕ್ಕೆ ತಾರೀಖು ಗೊತ್ತುಮಾಡುವವರು ಯಾರು? ಅದನ್ನು ಕಟ್ಟಿ ಕೈಗಿಡುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಾಗಬಲ್ಲ ಒಂದು ಇತಿಹಾಸವನ್ನೂ, ಅದರಲ್ಲಿ ನಮ್ಮ ಬೆಂಗಳೂರು ವಹಿಸಿದ ಭಾರವನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕಾಗಿ ಜನ ಕಟ್ಟಿಕೊಂಡಿರುವ ಭಾಷೆಗಳಲ್ಲಿ ಜಾವಾ ಎಂಬುದೊಂದು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಅದನ್ನು 1995ರಲ್ಲಿ ಲೋಕಕ್ಕೆ ಪರಿಚಯಿಸಿ, 1996ರ ಜನವರಿಯಲ್ಲಿ ಮೊದಲ ಆವೃತ್ತಿಯನ್ನು ಹೊರತಂದಿತು. ಭಾಷೆ ಎಂದ ಮೇಲೆ ವ್ಯಾಕರಣ ಉಂಟಷ್ಟೆ. ವ್ಯಾಕರಣ ಉಂಟೆಂದ ಮೇಲೆ ತಪ್ಪುಗಳೂ ಉಂಟು. ಬರೆಯುವವನಿಗೆ ಬರೆವಣಿಗೆಯ ಮೇಜು, ಕೈಗೆಟಕುವ ನಿಘಂಟು, ತಪ್ಪಿದಾಗ ಕೆಂಪು ಗೆರೆ ಎಳೆಯುವ ಉಪಾಧ್ಯಾಯ, ಇವೆಲ್ಲ ಒಂದೇ ಕಡೆ ದೊರೆತರೆ ಎಷ್ಟು ಅನುಕೂಲ! ಜಾವಾ ಬರೆಯುವವರಿಗೆ ಅಂತಹ ಅನುಕೂಲ ಒದಗಿಸಿದ ಉಪಕರಣಗಳಲ್ಲಿ ಬಹು ಪ್ರಸಿದ್ಧವಾದುದು ‘ಎಕ್ಲಿಪ್ಸ್’. ಎಕ್ಲಿಪ್ಸ್ ಎಂದರೆ ಗ್ರಹಣ, ಸನ್ ಎಂದರೆ ಸೂರ್ಯ. ಸೂರ್ಯನಿಗೆ ಹಿಡಿದ ಗ್ರಹಣವೆಂದು ಹಲವರು ಆ ಹೆಸರಿಗೆ ಅರ್ಥ ಹಚ್ಚಿ ನಕ್ಕರು.

ಇದನ್ನು ಕಟ್ಟಿಸಿದುದು ಐಬಿಎಂ ಕಂಪನಿ. 2001ನೆಯ ಇಸವಿ ನವೆಂಬರಿನಲ್ಲಿ ಅದು ಈ ಉಪಕರಣವನ್ನೂ, ಅದರ ಒಳಗಿನ ಬರೆವಣಿಗೆಯನ್ನೂ ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು ಎಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆ ಕೊಡುಗೆಯ ಬೆಲೆ 4 ಕೋಟಿ ಡಾಲರ್ ಎಂದು ಆಗ ಸಾರಲಾಯಿತು. 2004ರಲ್ಲಿ ಅದರ ಆಡಳಿತವೂ ಎಕ್ಲಿಪ್ಸ್ ಫೌಂಡೇಷನ್ ಎಂಬ ಸ್ವತಂತ್ರ ಸಂಸ್ಥೆಯ ಕೈಗೆ ಹೋಯಿತು. ಕನ್ನಡದ ‘ಬಿಡುಗಡೆ’ ಎಂಬ ಪದಕ್ಕೆ ಹೊರತರುವುದು ಎಂಬ ಅರ್ಥವೂ ಇದೆ, ಕಟ್ಟು ಕಳಚುವುದು ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ಒಂದೇ ಬಾರಿಗೆ ಸಂದುವು.

ಆದರೆ ತೊಡಕು ಶುರುವಾಗುವುದೇ ಇಲ್ಲಿ. ಒಬ್ಬ ಯಜಮಾನನಿರುವ ಕಾರ್ಖಾನೆಯಲ್ಲಿ ‘ಇಂಥ ದಿನ ಮಾಲು ಹೊರಡಬೇಕು’ ಎಂದರೆ ಹೊರಡುತ್ತದೆ. ಹಲವು ದೇಶಗಳಲ್ಲಿ, ಹಲವು ಕಂಪನಿಗಳಲ್ಲಿ ಕುಳಿತು, ಒಬ್ಬರಿಗೊಬ್ಬರು ಆಳಲ್ಲದವರು ಸೇರಿ ಮಾಡುವ ಕೆಲಸಕ್ಕೆ ಹೊತ್ತು ಗೊತ್ತುಮಾಡುವವರು ಯಾರು? ಹೊತ್ತು ತಪ್ಪಿದರೆ ಕೇಳುವವರು ಯಾರು? ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಎಣಿಸುವುದೇಕೆ ಎಂದು ಲೋಕ ಸುಮ್ಮನಾಗಬಹುದು. ಆದರೆ ಆ ಆಕಳನ್ನೇ ನಂಬಿ ಸಂಸಾರ ನಡೆಸುವವನು ಸುಮ್ಮನಾಗಲಾರ.

ಎಕ್ಲಿಪ್ಸಿನವರು ಇದಕ್ಕೆ ಕಂಡುಕೊಂಡ ಉಪಾಯದಲ್ಲಿ ಮಂತ್ರವೇನೂ ಇಲ್ಲ; ಮಾತಿಗೆ ತಪ್ಪದ ನಡವಳಿಕೆಯೇ ಅದರ ಜೀವಾಳ. ಹೊಸ ಆವೃತ್ತಿಯ ಕೆಲಸ ಮೊದಲಾಗುವಾಗಲೇ ಯೋಜನೆಯನ್ನು ಬರೆದು ಎಲ್ಲರೂ ಓದುವಂತೆ ಪ್ರಕಟಿಸುತ್ತಿದ್ದರು. ಅದರಲ್ಲಿ ಮೂರು ಪಟ್ಟಿಗಳು: ಮಾಡಿಯೇ ತೀರುತ್ತೇವೆಂದು ಒಪ್ಪಿಕೊಂಡ ಕೆಲಸಗಳು, ಯೋಚನೆಯಲ್ಲಿರುವ ಕೆಲಸಗಳು, ಈ ಸಲ ಆಗದೆಂದು ಮುಂದಕ್ಕೆ ಹಾಕಿದ ಕೆಲಸಗಳು. ಮೂರನೆಯ ಪಟ್ಟಿಯನ್ನು ನೀವು ಗಮನಿಸಬೇಕು. ಮಾಡಿದುದನ್ನು ಹೇಳಿಕೊಳ್ಳುವುದು ಲೋಕರೂಢಿ. ಮಾಡಲಾಗದುದನ್ನು ಮೊದಲೇ ಬರೆದು ಬಾಗಿಲಿಗೆ ತೂಗುಹಾಕುವುದಕ್ಕೆ ಎದೆ ಬೇಕು.

ಯೋಜನೆಯ ಬಳಿಕ ಸುಮಾರು ಆರು ವಾರಕ್ಕೊಂದು ಮೈಲಿಗಲ್ಲು. ಪ್ರತಿ ಮೈಲಿಗಲ್ಲಿನಲ್ಲಿಯೂ ಅರ್ಧಂಬರ್ಧ ಸಾಮಾನಲ್ಲ, ಬಳಸಿ ನೋಡಬಹುದಾದ ಉಪಕರಣವನ್ನೇ ಹೊರಗಿಡಬೇಕು. ಅದನ್ನು ಕಟ್ಟುವವರು ತಮ್ಮ ದಿನದ ಕೆಲಸವನ್ನು ಅದರಲ್ಲಿಯೇ ಮಾಡಬೇಕು. ಅಡುಗೆಯವನು ತನ್ನ ಅಡುಗೆಯನ್ನೇ ಉಣ್ಣಬೇಕೆಂಬ ಕಟ್ಟಳೆಯಿದು. ಉಪ್ಪು ಹೆಚ್ಚಾದರೆ ಮೊದಲು ಅವನ ನಾಲಗೆಗೇ ತಿಳಿಯುತ್ತದೆ. ಕೊನೆಯ ವಾರಗಳಲ್ಲಿ ಹೊಸದನ್ನು ಸೇರಿಸುವಂತಿಲ್ಲ. ಪರೀಕ್ಷೆ, ತಿದ್ದುವಿಕೆ, ಮತ್ತೆ ಪರೀಕ್ಷೆ. ದಿನ ಹತ್ತಿರವಾದಂತೆಲ್ಲ ಒಂದು ಚಿಕ್ಕ ತಿದ್ದುಪಡಿಗೂ ಹೆಚ್ಚು ಹೆಚ್ಚು ಜನರ ಒಪ್ಪಿಗೆ ಬೇಕು. ಗ್ರಂಥಸಂಪಾದಕರಿಗೆ ಈ ಗುಟ್ಟು ಗೊತ್ತು: ಅಚ್ಚಿನ ಮನೆಯ ಬಾಗಿಲಲ್ಲಿ ನಿಂತು ಅವಸರದಿಂದ ತಿದ್ದಿದ ಕರಡಿನಲ್ಲಿಯೇ ಹೊಸ ತಪ್ಪು ನುಸುಳುವುದು.

ಇನ್ನು ರೈಲಿನ ವಿಚಾರ. ನಮ್ಮ ಬಡಾವಣೆಗೆ ಮೆಟ್ರೊ ಬಂದುದು 2014ರ ಮಾರ್ಚ್ 1ರಂದು. ಅಂದಿನಿಂದ ನಮಗೆ ಒಂದು ಹೊಸ ಪಾಠವಾಯಿತು. ರೈಲು ನಮಗಾಗಿ ಕಾಯುವುದಿಲ್ಲ. ತಪ್ಪಿದರೆ ಮುಂದಿನದನ್ನು ಹಿಡಿಯಬೇಕು. ಎಕ್ಲಿಪ್ಸಿನವರು ತಮ್ಮ ಏರ್ಪಾಟಿಗೆ ಇಟ್ಟ ಹೆಸರೂ ಇದೇ: ‘ಬಿಡುಗಡೆಯ ರೈಲು’. ಒಂದು ಉಪಕರಣವೆಂದು ನಾವು ಕರೆಯುವುದು ವಾಸ್ತವವಾಗಿ ಬೇರೆ ಬೇರೆ ತಂಡಗಳು ಕಟ್ಟಿದ ಬಹು ಯೋಜನೆಗಳ ಕೂಟ. ಮೊದಮೊದಲು ಪ್ರತಿಯೊಂದೂ ತನಗೆ ತೋಚಿದ ದಿನ ಹೊರಬರುತ್ತಿತ್ತು, ಒಂದರ ಹೊಸ ಆವೃತ್ತಿಗೆ ಇನ್ನೊಂದರ ಹಳೆಯ ಆವೃತ್ತಿ ಹೊಂದುತ್ತಿರಲಿಲ್ಲ, ಬಳಸುವವನಿಗೆ ತಲೆಚಿಟ್ಟು. 2006ರ ಜೂನ್ 30ರಂದು 10 ಯೋಜನೆಗಳು ಕೂಡಿ ಒಂದೇ ದಿನ ಹೊರಬಂದುವು. ಎಲ್ಲ ಸೇರಿ 70 ಲಕ್ಷ ಸಾಲುಗಳ ಬರೆವಣಿಗೆ. 2007ರಲ್ಲಿ 21 ಯೋಜನೆಗಳು, 2009ರಲ್ಲಿ 33, 2011ರಲ್ಲಿ 62. ಈ ರೈಲಿನಲ್ಲಿ ಡಬ್ಬಿಗಳನ್ನು ಜೋಡಿಸುವುದಕ್ಕೂ ಸರದಿಯುಂಟು. ತಳಪಾಯದ ಭಾಗ ಮೊದಲು ಸಿದ್ಧವಾಗಬೇಕು. ಅದನ್ನು ಆಶ್ರಯಿಸಿದವರು ಅದರ ಬಳಿಕ. ಅವರನ್ನು ಆಶ್ರಯಿಸಿದವರು ಮತ್ತೂ ಬಳಿಕ. ಇವುಗಳಿಗೆ ಸೊನ್ನೆ, ಒಂದು, ಎರಡು, ಮೂರು ಎಂಬ ಅಂಕಗಳೇ ಗುರುತು. 2008ರಿಂದ 2018ರವರೆಗೆ ಈ ವಾರ್ಷಿಕ ರೈಲು ಹೊರಟುದು ಪ್ರತಿ ವರ್ಷವೂ ಜೂನ್ ತಿಂಗಳ ಕೊನೆಯ ಭಾಗದ ಒಂದು ಬುಧವಾರದಂದೇ. ಹನ್ನೊಂದು ವರ್ಷ ಒಂದು ಬುಧವಾರವೂ ತಪ್ಪಲಿಲ್ಲ.

ತಾರೀಖಿನಷ್ಟೇ ಮುಖ್ಯವಾದುದು ಕಟ್ಟುವ ಕೆಲಸ. ಗೌರಿಹಬ್ಬದ ಹೊತ್ತಿಗೆ ಮಲ್ಲೇಶ್ವರದ ಪೇಟೆಯಲ್ಲಿ ಬಾಗಿನದ ಮೊರಗಳನ್ನು ಸಿದ್ಧವಾಗಿ ಇಟ್ಟಿರುವುದನ್ನು ನೀವು ಕಂಡಿರಬಹುದು. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ, ಇಷ್ಟನ್ನೂ ಹತ್ತು ಅಂಗಡಿ ತಿರುಗಿ ಕೂಡಿಸುವ ಶ್ರಮ ಗೃಹಿಣಿಗೆ ತಪ್ಪುತ್ತದೆ. 2007ಕ್ಕೆ ಮೊದಲು ಎಕ್ಲಿಪ್ಸ್ ಬಳಸುವವನದು ಹತ್ತು ಅಂಗಡಿ ತಿರುಗುವ ಪಾಡಾಗಿತ್ತು: ಮೂಲ ಉಪಕರಣವನ್ನು ತಂದುಕೊಂಡು, ಉಳಿದ ಭಾಗಗಳನ್ನು ಹುಡುಕಿ, ಒಂದಕ್ಕೊಂದು ಹೊಂದುವುದೇ ಎಂದು ತಾನೇ ನೋಡಿಕೊಳ್ಳಬೇಕಾಗಿತ್ತು. ಆ ವರ್ಷದಿಂದ ಸಿದ್ಧ ಕಟ್ಟುಗಳು ಬಂದುವು. ಬರಿಯ ಜಾವಾ ಬರೆಯುವವನಿಗೆ ಒಂದು, ದೊಡ್ಡ ಸಂಸ್ಥೆಗಳ ವ್ಯವಹಾರಕ್ಕೆ ಬರೆಯುವವನಿಗೆ ಒಂದು, ಸಿ ಭಾಷೆಯವನಿಗೆ ಇನ್ನೊಂದು. ಕಟ್ಟಿಗೆ ಸೇರುವ ಹೊರಗಿನ ಪ್ರತಿ ಸಾಮಗ್ರಿಯೂ ಯಾರದು, ಹಂಚುವ ಹಕ್ಕುಂಟೆ ಎಂದು ಕಾನೂನಿನ ದೃಷ್ಟಿಯಿಂದ ಪರಿಶೀಲಿಸುವ ಪದ್ಧತಿಯೂ ಇತ್ತು. ಹೂವು ಯಾರ ತೋಟದ್ದೆಂದು ಕೇಳಿ ಪೂಜೆಗೆ ಏರಿಸಿದಂತೆ.

ಹೆಸರುಗಳ ವಿಚಾರವೂ ಸ್ವಾರಸ್ಯವಾಗಿದೆ. ಮೊದಲ ಮೂರು ರೈಲುಗಳಿಗೆ ಗುರುಗ್ರಹದ ಚಂದ್ರರ ಹೆಸರು: ಕ್ಯಾಲಿಸ್ಟೊ, ಯೂರೋಪಾ, ಗ್ಯಾನಿಮೀಡ್. ನಾಲ್ಕನೆಯದಕ್ಕೆ, ಆ ಚಂದ್ರರನ್ನು 1610ರಲ್ಲಿ ದುರ್ಬೀನಿನಿಂದ ಕಂಡ ಗೆಲಿಲಿಯೊನ ಹೆಸರು. ಆಮೇಲೆ ಇಂಗ್ಲಿಷ್ ಅಕ್ಷರಮಾಲೆಯ ಸರದಿಯಂತೆ ಹೀಲಿಯೋಸ್, ಇಂಡಿಗೊ, ಜೂನೊ, ಕೆಪ್ಲರ್, ಲೂನಾ, ಮಾರ್ಸ್, ನಿಯಾನ್, ಆಕ್ಸಿಜನ್, ಫೋಟಾನ್. ಪ್ರಭವ ವಿಭವ ಎಂದು ಸಂವತ್ಸರಗಳನ್ನು ಹೆಸರಿಟ್ಟು ಕರೆಯುವ ನಮಗೆ ಇದು ಹೊಸದಾಗಿ ತೋರದು.

ಇಷ್ಟು ಹೊಗಳಿದ ಮೇಲೆ ಒಂದು ಸೋಲನ್ನೂ ಹೇಳಬೇಕು. 2012ರ ಜೂನೊ ಬಿಡುಗಡೆಯಲ್ಲಿ 72 ಯೋಜನೆಗಳಿದ್ದುವು. ಉಪಕರಣವನ್ನು ಹೊಸ ತಳಪಾಯದ ಮೇಲೆ ನಿಲ್ಲಿಸಲಾಗಿತ್ತು. ಗೊತ್ತಾದ ಬುಧವಾರವೇ ಅದು ಹೊರಬಂತು. ಆದರೆ ಬಳಸಿದವರು, ಇದು ಆಮೆಯಂತೆ ನಡೆಯುತ್ತದೆಂದು ದೂರಿದರು. ಕಾರಣ ಕೆದಕಿದಾಗ, ಮಾಡುವವರು ಸಾಲದೆ ವೇಗದ ಪರೀಕ್ಷೆಗಳನ್ನೇ ಕೆಲಕಾಲದಿಂದ ನಿಲ್ಲಿಸಿದ್ದರೆಂಬುದು ತಿಳಿದುಬಂತು. ಬಳಸುವವರು ಲಕ್ಷಗಟ್ಟಲೆ, ಸವೆಯುವ ಕೈಗಳು ಬೆರಳೆಣಿಕೆಯಷ್ಟು. ಧರ್ಮಛತ್ರದ ಪಾಡು ಇದೇ ಅಲ್ಲವೆ? ತಪ್ಪನ್ನು ಅವರು ಮುಚ್ಚಿಡಲಿಲ್ಲ. ತಿದ್ದಿದ ಆವೃತ್ತಿ 2013ರಲ್ಲಿ ಬಂತು. ತಾರೀಖು ಉಳಿದರೆ ಸಾಲದು, ತಾರೀಖಿಗೆ ತಕ್ಕ ತಿರುಳೂ ಇರಬೇಕೆಂಬುದು ಎಲ್ಲರಿಗೂ ಮನದಟ್ಟಾಯಿತು.

ಈಗ ಬೆಂಗಳೂರಿನ ಪಾತ್ರಕ್ಕೆ ಬರೋಣ. ಉಪಕರಣದ ಜಾವಾ ವಿಭಾಗವನ್ನು ಮೊದಲ ವರ್ಷಗಳಲ್ಲಿ ಕಟ್ಟಿದವರು ಕೆನಡಾ, ಸ್ವಿಟ್ಸರ್ಲೆಂಡ್, ಫ್ರಾನ್ಸ್ ದೇಶಗಳ ತಂಡಗಳು. ಅವರ ನಡುವೆ ಎರಿಕ್ ಗಾಮಾ ಎಂಬ ಪ್ರಸಿದ್ಧ ವಿನ್ಯಾಸಕಾರರಿದ್ದರು. ಬರಬರುತ್ತ ಆ ಭಾರದ ದೊಡ್ಡ ಪಾಲು ಐಬಿಎಂ ಕಂಪನಿಯ ಬೆಂಗಳೂರು ಪ್ರಯೋಗಾಲಯದ ಇಂಜಿನಿಯರುಗಳ ಹೆಗಲಿಗೆ ಬಂತು. ಬಂದ ಹೊತ್ತೂ ಎಂಥದು! ಜಾವಾ ಭಾಷೆಯ ಎಂಟನೆಯ ಆವೃತ್ತಿ ಸಿದ್ಧವಾಗುತ್ತಿದ್ದ ಹೊತ್ತು. ಎಕ್ಲಿಪ್ಸ್ ಬೇರೆಯವರ ಅನುವಾದಕವನ್ನು ಎರವಲು ತರುವುದಿಲ್ಲ. ಜಾವಾ ಓದಿ ಅರ್ಥಮಾಡಿಕೊಳ್ಳುವ ಯಂತ್ರವನ್ನು ತಾನೇ ಇಟ್ಟುಕೊಂಡಿದೆ. ಆದುದರಿಂದ ಭಾಷೆಯ ವ್ಯಾಕರಣ ಬದಲಾದರೆ ಇವರೂ ಮೊದಲಿನಿಂದ ವ್ಯಾಖ್ಯಾನ ಬರೆಯಬೇಕು.

ಆ ಸಲ ಬದಲಾದುದು ಒಂದೆರಡು ಸೂತ್ರವಲ್ಲ. ‘ಲ್ಯಾಂಬ್ಡಾ’ ಎಂಬ ಹೊಸ ರಚನೆ ಭಾಷೆಗೆ ಬಂತು. ಇದು ಹೆಸರಿಲ್ಲದ ಪುಟ್ಟ ಕ್ರಿಯೆ. ಬರೆಯುವವನು ಹಲವು ವಿವರಗಳನ್ನು ಬಿಟ್ಟುಬಿಡಬಹುದು, ಓದುವ ಯಂತ್ರವೇ ಸಂದರ್ಭದಿಂದ ಅವನ್ನು ತುಂಬಿಕೊಳ್ಳಬೇಕು. ಹಳಗನ್ನಡ ಪದ್ಯಕ್ಕೆ ಅನ್ವಯ ಮಾಡುವಾಗ ಕವಿ ಹೇಳದೆ ಬಿಟ್ಟ ಪದವನ್ನು ಅಧ್ಯಾಹಾರ ಮಾಡಿಕೊಳ್ಳಿ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಜಾಣ ಹುಡುಗನಿಗೇ ಅಲ್ಲಿ ಬೆವರು ಬರುತ್ತದೆ; ಯಂತ್ರಕ್ಕೆ ಅದನ್ನು ಕಲಿಸುವುದೆಂದರೆ ಎಷ್ಟು ಕಷ್ಟವೆಂದು ನೀವೇ ಊಹಿಸಿಕೊಳ್ಳಿ.

ಜಾವಾ ಎಂಟು 2013ರ ಸೆಪ್ಟೆಂಬರಿನಲ್ಲಿ ಬರಬೇಕಾದದ್ದು ಮುಂದಕ್ಕೆ ಹೋಗಿ 2014ರ ಮಾರ್ಚ್ 18ರಂದು ಹೊರಬಂತು. ವಾರ್ಷಿಕ ರೈಲು ಜೂನಿನಲ್ಲಿ. ಅಲ್ಲಿಯವರೆಗೆ ಜನ ಕಾಯಬೇಕೆ? ಕಾಯಿಸಲಿಲ್ಲ. ಹೊಸ ಭಾಷೆಯನ್ನು ಅರಿಯಬಲ್ಲ ಭಾಗವನ್ನು, ಆಗ ಚಾಲ್ತಿಯಲ್ಲಿದ್ದ ಕೆಪ್ಲರ್ ಆವೃತ್ತಿಗೆ ಜೋಡಿಸಿಕೊಳ್ಳಬಹುದಾದ ಕಟ್ಟಾಗಿ, ಅದೇ ಮಾರ್ಚ್ 18ರಂದು ಹೊರಗಿಟ್ಟರು. ಜೂನ್ 25ರ ಲೂನಾ ಬಿಡುಗಡೆಯಲ್ಲಿ ಅದು ಎಲ್ಲರ ಕಟ್ಟಿಗೂ ಸೇರಿತು. ಬೇರೆ ದೇಶಗಳ ಸಹೋದ್ಯೋಗಿಗಳೂ ಕೈಗೂಡಿಸಿದ ಆ ಕೆಲಸದಲ್ಲಿ ಬೆಂಗಳೂರಿನ ಪಾಲು ಹಿರಿದು. ನಮ್ಮ ಬಡಾವಣೆಗೆ ಮೆಟ್ರೊ ಬಂದ ತಿಂಗಳೇ ಅದು. ಆ ರೈಲನ್ನು ನಾವೆಲ್ಲ ಟಿಕೆಟ್ಟು ಕೊಂಡು ಹತ್ತಿ ನೋಡಿದೆವು. ಇನ್ನೊಂದು ರೈಲಿಗೆ ನಮ್ಮ ಊರಿನವರೇ ಡಬ್ಬಿ ಜೋಡಿಸಿದ್ದು ನಮಗೆ ತಿಳಿಯಲಿಲ್ಲ.

ಆಮೇಲೆ ಕಾಲದ ಓಟ ಇನ್ನೂ ಬಿರುಸಾಯಿತು. 2018ರಿಂದ ಜಾವಾ ಭಾಷೆಯೇ ವರ್ಷಕ್ಕೆರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹೊಸ ಆವೃತ್ತಿ ತರತೊಡಗಿತು. ಎಕ್ಲಿಪ್ಸಿನ ವಾರ್ಷಿಕ ಜಾತ್ರೆ ನಿಂತು, 2018ರ ಸೆಪ್ಟೆಂಬರ್ 19ರಿಂದ ಮೂರು ತಿಂಗಳಿಗೊಂದು ಬಿಡುಗಡೆಯ ಪದ್ಧತಿ ಬಂತು. ಗ್ರಹ ನಕ್ಷತ್ರಗಳ ಹೆಸರೂ ಹೋಗಿ ಬರಿಯ ಇಸವಿ, ತಿಂಗಳು ಉಳಿದುವು. ಕಾವ್ಯ ಹೋಯಿತು, ಪಂಚಾಂಗ ಉಳಿಯಿತು ಎನ್ನೋಣ. ಮೊದಲ ಬಿಡುಗಡೆಯ ದಿನವೇನೋ ಬುಧವಾರವೇ ಆಗಿತ್ತು.

ಕನ್ನಡದ ಕೆಲಸ ಮಾಡುವ ನಮಗೂ ಇದರಲ್ಲಿ ಪಾಠವುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಹೊರಬಂತು. ಕೊನೆಯ ಪದದವರೆಗೆ ಕಾಯದೆ, ಸಿದ್ಧವಾದುದನ್ನು ಸಂಪುಟ ಸಂಪುಟವಾಗಿ ಕಟ್ಟಿ ಕೊಟ್ಟುದರಿಂದಲೇ ಓದುಗರಿಗೆ ಅದು ನಡುವೆಯೇ ಒದಗಿತು. ಎಷ್ಟೋ ಸದುದ್ದೇಶದ ಕೆಲಸಗಳು ಹಣವಿಲ್ಲದೆ ಕೆಡುವುದಕ್ಕಿಂತ ತಾರೀಖಿಲ್ಲದೆ ಕೆಡುತ್ತವೆ. ಬಿಟ್ಟಿ ಕೊಡುವವನಿಗೆ ಹೊತ್ತಿನ ಹಂಗಿಲ್ಲವೆಂಬುದು ತಪ್ಪು. ಸಂಬಳದ ಅಂಕುಶವಿಲ್ಲದವನಿಗೆ ಕೊಟ್ಟ ಮಾತೇ ಅಂಕುಶ.

ಇನ್ನೊಮ್ಮೆ ನಿಮ್ಮ ಮನೆಯ ಮಗನೋ ಮಗಳೋ ರಿಲೀಸು ಇದೆಯೆಂದು ಬಾಗಿಲು ಹಾಕಿಕೊಂಡರೆ ಬೇಸರಪಡಬೇಡಿ. ಊಟದ ತಟ್ಟೆ ಮುಚ್ಚಿಡಿ. ಕೆಲಸ ಮುಗಿದು ಹೊರಬಂದಾಗ ಒಂದು ಮಾತು ಕೇಳಿ: “ಈ ಸಲ ಮುಂದಕ್ಕೆ ಹಾಕಿದ್ದು ಏನೇನು?” ಇದನ್ನು ಕೇಳುವ ಹಿರಿಯರು ಮನೆಯಲ್ಲಿ ಇದ್ದಾರೆಂದು ತಿಳಿದರೆ ಅವರ ಆಯಾಸ ಅರ್ಧ ಇಳಿದೀತು.