ಮದ್ದಿನ ಚೀಟಿಯ ಸಾಕ್ಷಿ

ಆಸ್ಪತ್ರೆಗಳಲ್ಲಿ ರೋಗಿಯ ಕೇಸ್ ಶೀಟನ್ನು ನಾವೆಲ್ಲ ನೋಡಿದ್ದೇವೆ. ಯಾವ ಮದ್ದು, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ಎಂದು ಬರೆದು ನರ್ಸ್ ಸಹಿ ಹಾಕುತ್ತಾರೆ. ಗುಣ ಮಾಡುವ ಮದ್ದು ಕೇಡನ್ನೂ ಮಾಡಬಲ್ಲದು, ಆದ್ದರಿಂದ ಕೊಟ್ಟದ್ದಕ್ಕೆ ಲೆಕ್ಕವಿರಬೇಕು ಎಂಬ ಈ ವಿವೇಕ ನಿನ್ನೆ ಮೊನ್ನೆಯದಲ್ಲ.

ವೈದ್ಯವಿದ್ಯೆ ಬಲ್ಲವನೆಂದು ಹೆಸರಾಗದೆ ಚಿಕಿತ್ಸೆಗಿಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮುಸ್ಲಿಮ್ ನಾಗರಿಕತೆಯಲ್ಲಿ ಈ ತತ್ವ ಕ್ರಮೇಣ ಆಡಳಿತದ ನಿಯಮವೂ ಆಯಿತು. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತಾಗ, ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಚಿಕಿತ್ಸೆ ನೀಡಕೂಡದೆಂದು ಖಲೀಫ ಅಲ್ ಮುಕ್ತದಿರ್ ಆಜ್ಞಾಪಿಸಿದರು. ವೈದ್ಯ ಸಿನಾನ್ ಇಬ್ನ್ ಸಾಬಿತ್‌ರ ಮುಂದೆ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದು ಇತಿಹಾಸಕಾರರು ಬರೆಯುತ್ತಾರೆ. ಅವರಲ್ಲಿ ಓದುಬರಹ ಬಾರದ ಮುದುಕನೊಬ್ಬನಿದ್ದ. ತನಗೆ ತಿಳಿಯದ ರೋಗಕ್ಕೆ ಕೈಹಾಕಬಾರದು, ಭೇದಿಯ ಮದ್ದನ್ನು ಸಣ್ಣಪುಟ್ಟ ಕಾಯಿಲೆಗಳಿಗಲ್ಲದೆ ಕೊಡಬಾರದು ಎಂಬ ಷರತ್ತಿನ ಮೇಲೆ ಸಿನಾನ್ ಅವನ ಹೊಟ್ಟೆಪಾಡಿಗೆ ದಾರಿ ಬಿಟ್ಟರಂತೆ.

ಹನ್ನೆರಡನೆಯ ಶತಮಾನದಲ್ಲಿ ಸಿರಿಯದ ಅಶ್ಶೈಝರಿ, ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬನಿಗಾಗಿ ಒಂದು ಕೈಪಿಡಿ ಬರೆದರು. ಔಷಧಿ ಅಂಗಡಿಗಳ ಕಲಬೆರಕೆಯನ್ನು ಪತ್ತೆ ಹಚ್ಚುವ ಬಗೆ ಅದರಲ್ಲಿದೆ. ವೈದ್ಯನಿಗೆ ವಿಧಿಸಿದ ನಿಯಮವಂತೂ ಇಂದಿಗೂ ಗಮನಾರ್ಹ. ರೋಗಿ ಹೇಳಿದ ತೊಂದರೆಯನ್ನೂ ತಾನು ಕೊಟ್ಟ ಮದ್ದನ್ನೂ ಬರೆದು, ಆ ಪ್ರತಿಯನ್ನು ವೈದ್ಯ ಸಾಕ್ಷಿಗಳ ಎದುರಲ್ಲಿ ಮನೆಯವರಿಗೆ ಕೊಡಬೇಕು. ರೋಗಿ ಗುಣವಾಗುವವರೆಗೆ ಅಥವಾ ಸಾಯುವವರೆಗೆ ಪ್ರತಿದಿನವೂ ಹೀಗೆಯೇ ಆಗಬೇಕು. ಸತ್ತರೆ ಬಂಧುಗಳು ಆ ಚೀಟಿಗಳನ್ನು ಮುಖ್ಯ ವೈದ್ಯನಿಗೆ ತೋರಿಸುತ್ತಾರೆ. ಚಿಕಿತ್ಸೆ ಸರಿಯಾಗಿದ್ದರೆ, ಆಯುಷ್ಯ ಮುಗಿದಿತ್ತೆಂದು ಆತ ಸಾರುತ್ತಾನೆ. ನಿರ್ಲಕ್ಷ್ಯ ಕಂಡುಬಂದರೆ ವೈದ್ಯ ದಿಯತ್ ತೆರಬೇಕು, ಅಂದರೆ ಜೀವಹಾನಿಯ ಪರಿಹಾರ.

ಆ ಕಾಲದಲ್ಲಿ ತಪ್ಪುಗಳೇ ನಡೆಯುತ್ತಿರಲಿಲ್ಲವೆಂದು ಇದರರ್ಥವಲ್ಲ. ನಡೆಯುತ್ತಿದ್ದುದರಿಂದಲೇ ನಿಯಮ ಬೇಕಾಯಿತು. ಅದರ ಸೊಗಸಿರುವುದು ನ್ಯಾಯದಲ್ಲಿ: ಒಂದೇ ಚೀಟಿ ರೋಗಿಯನ್ನು ನಿರ್ಲಕ್ಷ್ಯದಿಂದಲೂ ಪ್ರಾಮಾಣಿಕ ವೈದ್ಯನನ್ನು ಸುಳ್ಳು ಆರೋಪದಿಂದಲೂ ಕಾಪಾಡುತ್ತಿತ್ತು.

ಇಂದು ಆ ಚೀಟಿಯ ಬಹುಪಾಲು ಹೊಣೆ ನರ್ಸ್‌ಗಳ ಕೈಯಲ್ಲಿದೆ. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ಪಾಠಗಳನ್ನು ಅವರು ಕಲಿತಿರುತ್ತಾರೆ. ಮೈಮೇಲೆ ದದ್ದು ಎದ್ದದ್ದು, ಉಸಿರು ಕಟ್ಟಿದ್ದು ಎಷ್ಟೋ ಸಲ ಮೊದಲು ಕಾಣುವುದು ಅವರ ಕಣ್ಣಿಗೇ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದಲ್ಲಿ ಅಡ್ಡಪರಿಣಾಮಗಳನ್ನು ವೈದ್ಯರು ಮಾತ್ರವಲ್ಲ, ನರ್ಸ್‌ಗಳೂ ವರದಿ ಮಾಡಬಹುದು.

ಆದರೆ ತಪ್ಪನ್ನು ಬರೆದವರಿಗೇ ಶಿಕ್ಷೆ ಎಂಬ ಭಯವಿದ್ದರೆ ಯಾರು ತಾನೇ ಬರೆದಾರು? ಒಬ್ಬ ನರ್ಸ್ ಹತ್ತಾರು ರೋಗಿಗಳ ನಡುವೆ ಓಡಾಡುತ್ತಿದ್ದರೆ ನೋಡಲು ಬಿಡುವಾದರೂ ಎಲ್ಲಿ? ಬೀಮಾರಿಸ್ತಾನ್‌ಗಳೆಂಬ ಹಳೆಯ ಆಸ್ಪತ್ರೆಗಳ ವೈಭವವನ್ನು ಹೊಗಳುವುದು ಸುಲಭ. ಆ ಪರಂಪರೆಗೆ ನಿಜವಾದ ಗೌರವ ಸಲ್ಲಬೇಕಾದರೆ ನಮ್ಮ ಸಮುದಾಯ ನಡೆಸುವ ಆಸ್ಪತ್ರೆಗಳಲ್ಲಿ ಸಾಕಷ್ಟು ನರ್ಸ್‌ಗಳಿರಬೇಕು, ಅವರ ಮಾತಿಗೆ ಬೆಲೆಯಿರಬೇಕು. ನಾವೂ ಮದ್ದಿನ ಚೀಟಿಯನ್ನು ಬಿಸಾಡದೆ ಜೋಪಾನ ಮಾಡೋಣ. ಯಾವ ಮದ್ದು ಹಿಂದೆ ಒಗ್ಗಲಿಲ್ಲವೆಂಬುದನ್ನು ಕೇಳುವ ಮೊದಲೇ ಹೇಳೋಣ. ಜೀವ ಅಲ್ಲಾಹನ ಅಮಾನತ್ತು. ಅದರ ಲೆಕ್ಕ ಇಡುವುದು ನಮ್ಮೆಲ್ಲರ ಹೊಣೆ.