ಕೆರೆಯ ಹನ್ನೆರಡು ಅಂಗಗಳು: ಪಿನಾಕಿನಿ ಸೀಮೆಯಲ್ಲಿ ಕಾರ್ಯತಂಡದ ಕಲ್ಪನೆ

ಮಡಕಶಿರ ಸೀಮೆಯವರಿಗೆ ಕೆರೆಯ ಮಹತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಾಡಿದು. ಆ ಮಳೆಯೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಬಂದರೆ ಎರಡು ಮೂರು ದಿನಗಳಲ್ಲಿ ಸುರಿದು ಹರಿದುಹೋಗುತ್ತದೆ. ಇಂಥ ನೆಲದಲ್ಲಿ ಊರು ನಿಲ್ಲಬೇಕಾದರೆ ಮೊದಲು ಕೆರೆ ನಿಲ್ಲಬೇಕು. ಹೇಮಾವತಿ ಎಂದು ನಾವಿಂದು ಕರೆಯುವ ಹೆಂಜೇರು ನೊಳಂಬರ ರಾಜಧಾನಿಯಾಗಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿನ ದೇವಾಲಯಗಳ ಶಿಲ್ಪವನ್ನು ನೋಡಿ ನಾವು ಬೆರಗಾಗುತ್ತೇವೆ. ಆದರೆ ಆ ಶಿಲ್ಪಿಗಳಿಗೆ ಅನ್ನವಿಕ್ಕಿದ ಗದ್ದೆಗಳು ಯಾವ ನೀರಿನಿಂದ ಬೆಳೆದವು, ಆ ನೀರನ್ನು ಹಿಡಿದು ನಿಲ್ಲಿಸಿದವರು ಯಾರು, ಅವರನ್ನು ಒಟ್ಟುಗೂಡಿಸಿದ ಬಗೆ ಯಾವುದು ಎಂದು ಕೇಳುವುದು ಕಡಿಮೆ. ಈ ಲೇಖನದ ಉದ್ದೇಶ ಆ ಕೊನೆಯ ಪ್ರಶ್ನೆಯನ್ನು ಕುರಿತು ಒಂದಿಷ್ಟು ಚಿಂತಿಸುವುದು.

ಇಂದಿನ ಎಂಜಿನಿಯರಿಂಗ್ ಲೋಕದಲ್ಲಿ ಒಂದು ದೊಡ್ಡ ಯೋಜನೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಅದಕ್ಕೆ ಬೇಕಾದ ಕಲ್ಲು, ಕಬ್ಬಿಣ, ಹಣಗಳ ಲೆಕ್ಕದಂತೆಯೇ ಬೇಕಾದ ಮನುಷ್ಯರ ಲೆಕ್ಕವನ್ನೂ ಹಾಕುತ್ತಾರೆ. ತಲೆಯೆಣಿಕೆಯಷ್ಟೇ ಅಲ್ಲ. ಯಾವ ಕೆಲಸಕ್ಕೆ ಎಂಥ ಅರಿವು ಬೇಕು, ಎಂಥ ಕೈಚಳಕ ಬೇಕು, ಎಂಥ ಸ್ವಭಾವ ಬೇಕು ಎಂಬುದನ್ನು ಪಟ್ಟಿ ಮಾಡಿ, ಇರುವವರಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ತೂಗಿ ನೋಡಿ ತಂಡವನ್ನು ಕಟ್ಟುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ 1973ರಲ್ಲಿ, ಬುದ್ಧಿಮತ್ತೆಯ ಪರೀಕ್ಷೆಗಿಂತ ಕೆಲಸಕ್ಕೆ ಬೇಕಾದ ಸಾಮರ್ಥ್ಯದ ಪರೀಕ್ಷೆ ಮೇಲೆಂದು ವಾದಿಸಿದರು. ಇಂಗ್ಲೆಂಡಿನ ಮೆರೆಡಿತ್ ಬೆಲ್ಬಿನ್ 1981ರ ತಮ್ಮ ಗ್ರಂಥದಲ್ಲಿ, ತಂಡವು ಗೆಲ್ಲುವುದು ಎಲ್ಲರೂ ಜಾಣರಾಗಿರುವುದರಿಂದಲ್ಲ, ಬೇರೆ ಬೇರೆ ಪಾತ್ರಗಳನ್ನು ವಹಿಸಬಲ್ಲವರು ಒಂದೆಡೆ ಸೇರುವುದರಿಂದ ಎಂದು ತೋರಿಸಿದರು. ಇದು ಹೊಸ ಶಾಸ್ತ್ರವೆಂದು ನಾವು ಓದುತ್ತೇವೆ. ಇದರ ಬೀಜವು ನಮ್ಮ ನೆರೆಯ ನೆಲದ ಕಲ್ಲುಗಳ ಮೇಲೆ ಶತಮಾನಗಳ ಹಿಂದೆಯೇ ಕೆತ್ತಲ್ಪಟ್ಟಿದೆ ಎಂಬುದನ್ನು ಗಮನಿಸಬೇಕು.

ಮೊದಲ ಕಲ್ಲು ಕಡಪ ಜಿಲ್ಲೆಯ ಪೋರುಮಾಮಿಳ್ಳದ್ದು. ಕ್ರಿ.ಶ. 1369ರಲ್ಲಿ, ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರನು, ಭವದೂರನೆಂಬುದು ಅವನ ಮತ್ತೊಂದು ಹೆಸರು, ಅಲ್ಲಿ ಒಂದು ಮಹಾ ತಟಾಕವನ್ನು ಕಟ್ಟಿಸಿದನು. ಅದರ ಸಂಸ್ಕೃತ ಶಾಸನವು ದಾನಪ್ರಶಂಸೆಯಲ್ಲಿ ಮುಗಿಯುವುದಿಲ್ಲ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕೆಂದು ಒಂದೊಂದಾಗಿ ಎಣಿಸುತ್ತದೆ. ಧರ್ಮಿಷ್ಠನೂ ಸಂಪನ್ನನೂ ಕೀರ್ತಿಯನ್ನು ಬಯಸುವವನೂ ಆದ ಅರಸನು ಮೊದಲನೆಯ ಅಂಗ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಎರಡನೆಯದು. ಅನಂತರ ಗಟ್ಟಿಯಾದ ಜೇಡಿಮಣ್ಣಿನ ನೆಲ, ಮೂರು ಯೋಜನ ದೂರದಿಂದ ಹರಿದು ಬರುವ ಸಿಹಿನೀರಿನ ಹೊಳೆ, ಏರಿಗೆ ತಾಗಿ ನಿಂತ ಬೆಟ್ಟ, ಹೆಚ್ಚು ಉದ್ದವಲ್ಲದ ಬಿಗಿಯಾದ ಕಲ್ಲಿನ ಏರಿ, ಫಲವತ್ತಾದ ಭೂಮಿಯನ್ನು ನುಂಗದ ಅದರ ಎರಡು ತುದಿಗಳು, ಅಗಲವೂ ಆಳವೂ ಆದ ಅಂಗಳ, ನೀಳವಾದ ನೇರ ಕಲ್ಲು ದೊರೆಯುವ ಗಣಿ, ಸಮತಟ್ಟಾದ ಫಲವತ್ತಾದ ಅಚ್ಚುಕಟ್ಟು, ಬೆಟ್ಟದ ನೆಲೆಯಿಂದ ರಭಸ ಪಡೆದ ನೀರಿನ ದಾರಿ; ಹೀಗೆ ಒಂಬತ್ತು ಬರುತ್ತವೆ. ಹನ್ನೆರಡನೆಯ ಅಂಗ, ಕಟ್ಟುವ ಕಲೆಯಲ್ಲಿ ನುರಿತ ಜನರ ಪಡೆ.

ಈ ಪಟ್ಟಿಯ ಕ್ರಮವನ್ನು ನೋಡಬೇಕು. ನಡುವೆ ಇರುವ ಒಂಬತ್ತು ಅಂಗಗಳು ನೆಲ, ನೀರು, ಕಲ್ಲುಗಳಿಗೆ ಸೇರಿದವು. ಮೊದಲೆರಡೂ ಕೊನೆಯದೂ ಮನುಷ್ಯರಿಗೆ ಸೇರಿದವು. ಅರಸನಿಂದ ಸಂಕಲ್ಪ ಮತ್ತು ಧನ, ವಿದ್ವಾಂಸನಿಂದ ಅರಿವು, ಕುಶಲಿಗರಿಂದ ಕೈ. ಈ ಮೂರರಲ್ಲಿ ಒಂದಿಲ್ಲದಿದ್ದರೂ ನಡುವಿನ ಒಂಬತ್ತು ಇದ್ದೂ ಪ್ರಯೋಜನವಿಲ್ಲ. ಇನ್ನೊಂದು ವಿಶೇಷವೆಂದರೆ, ಶಾಸನವು ಈ ಜನರನ್ನು ಕೆರೆಯನ್ನು ಕಟ್ಟುವವರೆಂದು ಹೊರಗಿಟ್ಟು ಹೇಳದೆ, ಕೆರೆಯ ಅಂಗಗಳೆಂದೇ ಎಣಿಸುತ್ತದೆ. ಏರಿ ಹೇಗೆ ಕೆರೆಯ ಭಾಗವೋ ಏರಿ ಕಟ್ಟುವವನೂ ಹಾಗೆಯೇ ಕೆರೆಯ ಭಾಗ. ಜನರ ಯೋಗ್ಯತೆಯ ವಿಚಾರವು ಕೆಲಸಕ್ಕೆ ಇಳಿದ ಮೇಲೆ ಮಾಡುವ ಏರ್ಪಾಡಲ್ಲ. ಅದು ವಿನ್ಯಾಸದ ಒಳಗೇ ಇರತಕ್ಕದ್ದು ಎಂಬುದು ಇದರ ತಾತ್ಪರ್ಯ. ಶಾಸನವು ಕೊಡುವ ಲೆಕ್ಕವೂ ಹೀಗೆಯೇ ಖಚಿತವಾಗಿದೆ: ದಿನಕ್ಕೆ ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷಗಳ ಅವಧಿ. ಆ ಕೆರೆ ಇಂದಿಗೂ ಉಳಿದಿದೆ.

ಎರಡನೆಯ ಕಲ್ಲು ನಮಗೆ ಇನ್ನೂ ಹತ್ತಿರದ್ದು. ಗೌರಿಬಿದನೂರು ತಾಲ್ಲೂಕಿನ ಈ ಶಾಸನವು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಅಚ್ಚಾಗಿದೆ. ಕ್ರಿ.ಶ. 1388ರಲ್ಲಿ ಎರಡನೆಯ ಹರಿಹರರಾಯನ ಮಗ ಬುಕ್ಕರಾಯನು ತುಂಬಿದ ಸಭೆಯಲ್ಲಿ, ಪ್ರಜೆಗಳೆಲ್ಲರೂ ಸುಖವಾಗಿರಬೇಕು, ಜೀವಿಗಳಿಗೆ ನೀರೇ ಪ್ರಾಣ, ಆದುದರಿಂದ ಹೆನ್ನೆಯ ಹೊಳೆಯನ್ನು ಪೆನುಗೊಂಡೆಗೆ ತರಬೇಕು ಎಂದು ಅಪ್ಪಣೆ ಮಾಡಿದನು. ಅಪ್ಪಣೆಯನ್ನು ಪಡೆದವನು ಜಲಸೂತ್ರದ ಸಿಂಗಾಯಭಟ್ಟ. ಹತ್ತು ವಿದ್ಯೆಗಳ ಚಕ್ರವರ್ತಿ ಎಂಬುದು ಅವನ ಬಿರುದು. ಅವನು ಸಿರುವೇರದ ಕೆರೆಗೆ ಕಾಲುವೆಯನ್ನು ತಂದು ಅದಕ್ಕೆ ಅರಸನ ಹೆಸರನ್ನೇ ಇಟ್ಟನು. ಹೆನ್ನೆಯೆಂದರೆ ನಂದಿಯ ಬೆಟ್ಟಗಳ ಕಡೆಯಿಂದ ಹುಟ್ಟಿ, ಗೌರಿಬಿದನೂರನ್ನು ಹಾದು, ಹಿಂದೂಪುರದ ಬಳಿಗೆ ಬರುವ ನಮ್ಮ ಉತ್ತರ ಪಿನಾಕಿನಿ. ಅರಸನ ಹೆಸರಿನ ಪಕ್ಕದಲ್ಲಿ ಎಂಜಿನಿಯರನ ಹೆಸರನ್ನೂ ಅವನ ವಿದ್ಯೆಯನ್ನೂ ಶಾಸನವೊಂದು ಸ್ಪಷ್ಟವಾಗಿ ಹೇಳುವುದು ಅಪೂರ್ವ. ಪೋರುಮಾಮಿಳ್ಳದಲ್ಲಿ ಎರಡನೆಯ ಅಂಗವೆಂದು ಸೂತ್ರರೂಪದಲ್ಲಿ ಹೇಳಿದ್ದು ಇಲ್ಲಿ ಹೆಸರುಳ್ಳ ಒಬ್ಬ ವ್ಯಕ್ತಿಯಾಗಿ ಕಾಣಿಸಿಕೊಂಡಿತು.

ಅರಿವು, ಕೈಗಳ ಮಾತಾಯಿತು. ಸ್ವಭಾವದ ಮಾತು ಉಳಿಯಿತು. ಅದಕ್ಕೆ ಈ ಸೀಮೆಯಿಂದ ದೂರದ ಗಿರಿನಗರಕ್ಕೆ, ಅಂದರೆ ಗುಜರಾತಿನ ಜುನಾಗಢಕ್ಕೆ ಒಮ್ಮೆ ಹೋಗಿ ಬರಬೇಕು. ಅಲ್ಲಿನ ಸುದರ್ಶನ ಕೆರೆಯನ್ನು ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ವೈಶ್ಯನಾದ ಪುಷ್ಯಗುಪ್ತನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ಯವನನಾದ ತುಷಾಸ್ಫನು ಕಾಲುವೆಗಳಿಂದ ಅಲಂಕರಿಸಿದನು. ಮುಂದೆ ಬಿರುಮಳೆಗೆ ಏರಿ ಒಡೆದು 420 ಮೊಳದ ಬಾಯಿ ತೆರೆಯಿತು. ಸುಮಾರು ಕ್ರಿ.ಶ. 150ರ ರುದ್ರದಾಮನ ಶಾಸನದ ಪ್ರಕಾರ, ಆಲೋಚನೆ ಹೇಳುವ ಮಂತ್ರಿಗಳೂ ಕಾರ್ಯ ನಡೆಸುವ ಮಂತ್ರಿಗಳೂ ಗುಣವಂತರೇ ಆಗಿದ್ದರೂ ಬಿರುಕಿನ ಅಗಾಧತೆಯನ್ನು ಕಂಡು ಹಿಂಜರಿದರು. ಜನರು ಕೆರೆಯ ಆಸೆಯನ್ನೇ ಬಿಟ್ಟು ಗೋಳಿಟ್ಟರು. ಆಗ ಅದನ್ನು ಕಟ್ಟಿದವನು ಪಹ್ಲವ ಕುಲದ ಅಧಿಕಾರಿ ಸುವಿಶಾಖ. ಅವನು ಸಮರ್ಥ, ಸಂಯಮಿ, ಚಂಚಲನಲ್ಲದವನು, ಗರ್ವವಿಲ್ಲದವನು, ಸಜ್ಜನ, ಲಂಚಕ್ಕೆ ಬಗ್ಗದವನು ಎಂದು ಶಾಸನವು ಅವನ ಗುಣಗಳನ್ನು ಎಣಿಸುತ್ತದೆ. ಮಂತ್ರಿಗಳಲ್ಲಿ ತಿಳಿವಳಿಕೆಗೆ ಕೊರತೆಯಿರಲಿಲ್ಲ. ಆ ಹೊತ್ತಿಗೆ ಬೇಕಾಗಿದ್ದುದು ಬೇರೊಂದು ಗುಣ. ಇಂದಿನ ಯಾವ ಯೋಜನಾಧಿಕಾರಿಯ ಆಯ್ಕೆಗೂ ಈ ಆರು ಮಾತುಗಳು ಸಾಲುತ್ತವೆ. ವೈಶ್ಯ, ಯವನ, ಪಹ್ಲವ, ಹೀಗೆ ಮೂರು ಮೂಲದವರು ಒಂದೇ ಕೆರೆಗೆ ದುಡಿದರೆಂಬುದನ್ನೂ ಮರೆಯಬಾರದು.

ತಂಡ ಸರಿಯಾಗಿ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ವಿಜಯನಗರದಲ್ಲೇ ನಿದರ್ಶನವಿದೆ. ಇಂದಿನ ಹೊಸಪೇಟೆಯ ಬಳಿ ಕೃಷ್ಣದೇವರಾಯನು ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದಾಗ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳಂತೆ ದುಡಿಯುತ್ತಿದ್ದರು; ಅರಸನು ಕೆಲಸವನ್ನು ನಾಯಕರಿಗೆ ಹಂಚಿ, ಅವರವರ ಜನ ದುಡಿಯುವಂತೆ ನೋಡಿಕೊಳ್ಳುವ ಹೊಣೆಯನ್ನು ಅವರವರಿಗೇ ವಹಿಸಿದ್ದನು. ಆದರೂ ಏರಿ ಎರಡು ಮೂರು ಬಾರಿ ಒಡೆಯಿತು. ಅನಂತರ ಬಂದ ನೂನಿಜ್ ಹೇಳುವಂತೆ, ಗೋವೆಯಿಂದ ಕರೆಸಿದ ಕಲ್ಲುಕೆಲಸದ ನಿಪುಣ ಜೊಆವೋ ದ ಲಾ ಪೊಂತೆ ಮೊದಲು ಸುಣ್ಣವನ್ನು ಸಿದ್ಧಪಡಿಸಿರೆಂದಾಗ ಅರಸನಿಗೆ ನಗು ಬಂತು. ಬಳಿಕ ಸುರಿದ ಬಂಡೆಗಳೆಲ್ಲ ಕುಸಿದುಹೋದವು. ಕಾರಣವನ್ನು ವಿದ್ಯೆಯಲ್ಲಿ ಹುಡುಕುವ ಬದಲು ದೈವದ ಕೋಪದಲ್ಲಿ ಹುಡುಕಿ ನರಬಲಿಯನ್ನು ಕೊಡಲಾಯಿತೆಂದು ಇಬ್ಬರೂ ಬರೆದಿದ್ದಾರೆ. ಆಳುಗಳ ಸಂಖ್ಯೆಗೆ ಕೊರತೆಯಿರಲಿಲ್ಲ, ಧನಕ್ಕೂ ಕೊರತೆಯಿರಲಿಲ್ಲ. ಬಂದ ಕುಶಲಿಗನ ಮಾತಿಗೆ ಬೆಲೆ ಸಿಗಲಿಲ್ಲ.

ನಮ್ಮ ಜನಪದವೂ ಈ ನೋವನ್ನು ಬಲ್ಲದು. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕನ್ನಡಿಗರಿಗೆ ಗೊತ್ತು. ಬುಕ್ಕರಾಯಸಮುದ್ರದ ಏರಿಗೆ ಪ್ರಾಣವಿತ್ತ ಮುಸಲಮ್ಮನ ಕಥೆ ಅನಂತಪುರದ ಮನೆಮಾತು, ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದನ್ನು ತೆಲುಗಿನಲ್ಲಿ ಕಾವ್ಯವಾಗಿಸಿದರು. ಈ ಕಥೆಗಳನ್ನು ತ್ಯಾಗದ ಮಹಿಮೆಯೆಂದು ಕೇಳುತ್ತ ಬಂದಿದ್ದೇವೆ. ಏರಿ ನಿಲ್ಲದಿದ್ದಾಗ ಅದರ ದಂಡವನ್ನು ತೆತ್ತವರು ಯಾರು ಎಂಬುದನ್ನೂ ಅವು ಹೇಳುತ್ತವೆ. ಹನ್ನೆರಡು ಅಂಗಗಳಲ್ಲಿ ಒಂದು ಊನವಾದರೆ ಅದರ ಭಾರ ಮನೆಯ ಸೊಸೆಯ ಮೇಲೆ ಬಿತ್ತು.

ಕಟ್ಟಿದ ಮೇಲೆ ಕಾಯುವ ತಂಡವೂ ಬೇಕು. ಬಿತ್ತುವಟ್ಟ, ದಶಬಂಧ, ಕಟ್ಟುಕೊಡಗೆ ಎಂಬ ಹೆಸರುಗಳಲ್ಲಿ ಕೆರೆಯ ದುರಸ್ತಿಗೆಂದು ಹಿಂದಿನವರು ಭೂಮಿಯನ್ನು ಅಥವಾ ಹುಟ್ಟುವಳಿಯ ಪಾಲನ್ನು ಬಿಟ್ಟಿದ್ದರು. ಮಣ್ಣು ಕಲ್ಲುಗಳ ಹದ ಬಲ್ಲ ಒಡ್ಡರು, ತೂಬಿನ ಮರವನ್ನು ಕೆತ್ತುವ ಬಡಗಿ, ಉಳಿಗೆ ಮೊನೆ ಹಿಡಿಯುವ ಕಮ್ಮಾರ, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಎಂದು ತೀರ್ಮಾನಿಸುವ ನೀರಗಂಟಿ, ಇವರೊಬ್ಬೊಬ್ಬರದೂ ತಲೆಮಾರಿನಿಂದ ತಲೆಮಾರಿಗೆ ಬಂದ ವಿದ್ಯೆ. ಆ ವಿದ್ಯೆಯನ್ನು ಹುಟ್ಟಿಗೆ ಕಟ್ಟಿಹಾಕಿ, ಬೆವರು ಸುರಿಸಿದವರನ್ನು ಅಚ್ಚುಕಟ್ಟಿನ ಒಡೆತನದಿಂದ ದೂರವಿಟ್ಟದ್ದು ಹಳೆಯ ವ್ಯವಸ್ಥೆಯ ದೊಡ್ಡ ಕೊರತೆ. ಅದನ್ನು ಮರೆಮಾಚಿ ಹೊಗಳುವುದು ನ್ಯಾಯವಲ್ಲ. ಆದರೆ 19ನೆಯ ಶತಮಾನದಲ್ಲಿ ಕೆರೆಗಳ ಹೊಣೆ ಇಲಾಖೆಗಳ ಕಡೆಗೆ ಸರಿದಾಗ ಆ ವಿದ್ಯೆಗೆ ಹೊಸ ಗೌರವ ಸಿಗಲಿಲ್ಲ, ಹಳೆಯ ಆಸರೆಯೂ ತಪ್ಪಿತು. ಏರಿಗಳು ಉಳಿದವು, ಹನ್ನೆರಡನೆಯ ಅಂಗ ಕರಗಿತು.

ಪೋರುಮಾಮಿಳ್ಳದ ಶಾಸನವು ಕೆರೆಯ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಒಸರುವುದು, ಚೌಳು ನೆಲ, ಅಂಗಳದ ನಡುವೆ ಆಮೆಯ ಬೆನ್ನಿನಂಥ ದಿಬ್ಬ, ಹೆಚ್ಚು ಹರವಿಗೆ ಕಡಿಮೆ ನೀರು, ಕಡಿಮೆ ನೆಲಕ್ಕೆ ಹೆಚ್ಚು ನೀರು, ಇವು ಐದು. ಉಳಿದೊಂದು ದೋಷ ನಮ್ಮನ್ನು ತಡೆದು ನಿಲ್ಲಿಸುತ್ತದೆ: ಎರಡು ರಾಜ್ಯಗಳ ಗಡಿಯಲ್ಲಿರುವುದು. ಐದೂ ದೋಷಗಳು ಮಣ್ಣು ನೀರುಗಳವು, ಇದೊಂದು ಮನುಷ್ಯರದು. ನೀರು ಬರುವ ನೆಲ ಒಬ್ಬರದು, ನಿಲ್ಲುವ ನೆಲ ಮತ್ತೊಬ್ಬರದಾದರೆ ಸಂಕಲ್ಪ ಒಡೆದುಹೋಗುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಸಿಂಗಾಯಭಟ್ಟನ ಕಾಲದಲ್ಲಿ ಗೌರಿಬಿದನೂರಿನ ನೀರನ್ನು ಪೆನುಗೊಂಡೆಯ ಕಡೆಗೆ ತರಲು ಒಂದೇ ಸಭೆಯ ಅಪ್ಪಣೆ ಸಾಕಾಯಿತು. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳು ಗಡಿ ದಾಟುವ ನದಿಗಳ ಬಗ್ಗೆ ಒಪ್ಪಂದ ಮಾಡಿಕೊಂಡಾಗ, ಅದರ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ಸೇರಿತ್ತು. ಮೇಲಿನವರು ಹೊಸ ಜಲಾಶಯ ಕಟ್ಟಲು ಕೆಳಗಿನವರ ಒಪ್ಪಿಗೆ ಬೇಕಾಯಿತು. ಐದು ಶತಮಾನಗಳ ಹಿಂದೆ ಕಲ್ಲಿನ ಮೇಲೆ ಬರೆದ ದೋಷ ಕಾಗದದ ಮೇಲೆ ಕಾನೂನಾಗಿ ಬಂದಂತಾಯಿತು.

ಮಡಕಶಿರ ಇಂದಿಗೂ ಆ ಗಡಿಯಲ್ಲಿದೆ. ನಮ್ಮ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಇದನ್ನು ನಾವು ಹಲವು ಸಲ ಕೊರತೆಯೆಂದೇ ಹೇಳಿಕೊಂಡಿದ್ದೇವೆ. ಆದರೆ ಗಡಿಯ ದೋಷವನ್ನು ನೀಗಿಸಬೇಕಾದ ತಂಡವೊಂದನ್ನು ಕಟ್ಟುವುದಾದರೆ, ಆ ತಂಡಕ್ಕೆ ಮೊದಲು ಬೇಕಾಗುವ ಸಾಮರ್ಥ್ಯವೇ ಎರಡೂ ಕಡೆಯ ಮಾತನ್ನು ಬಲ್ಲವರ ಸಾಮರ್ಥ್ಯ. ಮೇಲಿನ ರೈತನ ಕಷ್ಟವನ್ನು ಕೆಳಗಿನ ರೈತನಿಗೆ ಅವನದೇ ನುಡಿಯಲ್ಲಿ ತಿಳಿಹೇಳಬಲ್ಲವನು, ಕನ್ನಡದ ಶಾಸನವನ್ನೂ ತೆಲುಗಿನ ಆದೇಶವನ್ನೂ ಓದಬಲ್ಲವನು, ಬೇರೆ ಕಡೆಯಿಂದ ಹುಡುಕಿ ತಂದರೆ ಸಿಗುವವನಲ್ಲ. ಸಂಘವು ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸುವಾಗ ಭಾಷೆಯನ್ನು ಉಳಿಸುವುದರ ಜೊತೆಗೆ ಈ ಸೀಮೆಯ ಕೆರೆಗೆ ಬೇಕಾದ ಒಂದು ಅಂಗವನ್ನೂ ಉಳಿಸುತ್ತಿದೆ. ಊರಿನ ಏರಿಯ ಮೇಲೆ ನಡೆಯುವಾಗ ಹಿರಿಯರು ಮಕ್ಕಳಿಗೆ ಹನ್ನೆರಡು ಅಂಗಗಳನ್ನು ಬೆರಳು ಮಡಚಿ ಎಣಿಸಿ ತೋರಿಸಲಿ. ನಮ್ಮ ಕೆರೆಯಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ.